ನಕ್ಷೆಯಲ್ಲಿ ನೆರಳಿರಲಿಲ್ಲ

1996ರ ಏಪ್ರಿಲ್ ತಿಂಗಳು. ನಗರ ಯೋಜನೆಯ ಕೆಲಸಕ್ಕೆ ಸೇರಿ ನೂರು ದಿನವೂ ಆಗಿರಲಿಲ್ಲ. ಬಳ್ಳಾರಿಯ ಹಳೇ ಪೇಟೆಯ ಒಂದು ಬೀದಿಯಲ್ಲಿ ಟೇಪ್ ಹಿಡಿದು ನಿಂತಿದ್ದೆ. ಜೊತೆಗೆ ಅಳತೆಯ ಸರಪಳಿ ಹಿಡಿಯುವ ಇಬ್ಬರು ಚೈನ್‌ಮನ್‌ಗಳು. ಕೈಯಲ್ಲಿ ಅಮೋನಿಯಾ ಪ್ರಿಂಟ್ ತೆಗೆದ ನಕ್ಷೆ. ಬೀದಿ ಅಗಲ ಮಾಡುವ ಮಾತು ನಡೆದಿತ್ತು. ಎಲ್ಲೆಲ್ಲಿ ಎಷ್ಟು ಅಡಿ ಒತ್ತುವರಿ ಆಗಿದೆ ಅಂತ ಅಳೆದು ಕೆಂಪು ಪೆನ್ಸಿಲ್‌ನಲ್ಲಿ ಗುರುತು ಹಾಕೋದು ನನ್ನ ಕೆಲಸ.

ಅಲ್ಲೊಂದು ಉದ್ದನೆಯ ಕಾಂಪೌಂಡ್ ಗೋಡೆ. ಅದರ ಪಕ್ಕ ಒಬ್ಬ ಅಜ್ಜಿ ಗೋಣಿಚೀಲ ಹಾಸಿಕೊಂಡು ಸೊಪ್ಪು ಮಾರುತ್ತಿದ್ದರು. ಪುಂಡಿಪಲ್ಯ, ಮೆಂತ್ಯ, ಸಬ್ಬಸಿಗೆ. ಒಂಬತ್ತು ಗಂಟೆಗೆ ಅಳೆದಾಗ ಅವರ ಚೀಲದ ಅಂಚು ಗೋಡೆಯಿಂದ ಐದು ಅಡಿ ಮುಂದಿತ್ತು. ಬರೆದುಕೊಂಡೆ. ಹತ್ತೂವರೆಗೆ ಬೀದಿಯ ಆ ತುದಿ ಮುಗಿಸಿ ವಾಪಸ್ ಬಂದು ನೋಡಿದರೆ ಮೂರೇ ಅಡಿ. ನಮ್ಮನ್ನು ನೋಡಿ ಹಿಂದಕ್ಕೆ ಎಳೆದುಕೊಂಡಿದ್ದಾರೆ ಅಂದುಕೊಂಡೆ. ಹನ್ನೊಂದೂವರೆಗೆ ಅಜ್ಜಿ ಗೋಡೆಗೇ ಅಂಟಿಕೊಂಡು ಕೂತಿದ್ದರು, ಮೊಣಕಾಲು ಎದೆಗೆ ಮಡಚಿಕೊಂಡು. ಮಧ್ಯಾಹ್ನ ಎರಡಕ್ಕೆ ಅಲ್ಲಿ ಇರಲೇ ಇಲ್ಲ. ಎದುರು ಸಾಲಿನ ಅಂಗಡಿ ಬದಿಗೆ ಹೋಗಿದ್ದರು.

"ಅಜ್ಜಿ, ಒಂದು ಕಡೆ ಕೂತ್ಕೊಳ್ಳಿ. ನನಗೆ ಅಳತೆ ಸಿಗ್ತಿಲ್ಲ" ಅಂದೆ.

"ನೆರಳು ಸರದಂಗೆಲ್ಲ ನಾನೂ ಸರೀತೀನಿ ತಾಯಿ. ಬಿಸಿಲಿಗೆ ಸೊಪ್ಪು ಬಾಡಿದ್ರೆ ಯಾರು ತಗಂತಾರೆ?" ಅಂದರು. ಹೇಳಿ, ಒದ್ದೆ ಬಟ್ಟೆಯಿಂದ ಸೊಪ್ಪಿನ ಮೇಲೆ ನೀರು ಚಿಮುಕಿಸಿದರು.

ನನ್ನ ನಕ್ಷೆಯಲ್ಲಿ ಆ ಗೋಡೆ ಇತ್ತು. ಚರಂಡಿ, ಲೈಟ್ ಕಂಬ, ಮ್ಯಾನ್‌ಹೋಲ್ ಎಲ್ಲಾ ಇದ್ದವು. ನೆರಳು ಇರಲಿಲ್ಲ. ಆ ಅಜ್ಜಿಯ ಅಂಗಡಿ ಅಂದರೆ ಆ ನೆರಳೇ. ಅದು ದಿನವಿಡೀ ಜಾಗ ಬದಲಿಸುವ ಅಂಗಡಿ. ಅದನ್ನು ನಾನು "ಒತ್ತುವರಿ" ಅಂತ ಬರೆದುಕೊಳ್ಳುತ್ತಿದ್ದೆ. ಆಮೇಲೆ ಇಪ್ಪತ್ತೆಂಟು ವರ್ಷ ನಗರ ಯೋಜನೆಯ ಕೆಲಸ ಮಾಡಿದೆ. ಬಳ್ಳಾರಿ, ಕೊಪ್ಪಳ, ರಾಯಚೂರು, ಮತ್ತೆ ಬಳ್ಳಾರಿ. ಎಷ್ಟೋ ಫೈಲು, ಎಷ್ಟೋ ನಕ್ಷೆ, ಎಷ್ಟೋ ಸಭೆ. ಈಗ ನಿವೃತ್ತಿಯಾಗಿ ಮನೆಯಲ್ಲಿ ಕೂತು ಯೋಚನೆ ಮಾಡಿದರೆ ಆ ಗೋಣಿಚೀಲವೇ ಕಣ್ಣ ಮುಂದೆ ಬರುತ್ತೆ. ಊರಲ್ಲಿ ನೆರಳು ಯಾರಿಗೆ, ಬಿಸಿಲು ಯಾರಿಗೆ ಅಂತ ಹಂಚುವವರು ನಾವು, ನಕ್ಷೆ ಬರೆಯುವವರು. ಹಂಚುತ್ತಿದ್ದೇವೆ ಅನ್ನೋದು ಮಾತ್ರ ನಮಗೆ ಗೊತ್ತಿರೋದಿಲ್ಲ.

ನೆಂಟರ ಮದುವೆಗಳಲ್ಲಿ ಈಗಲೂ ಕೇಳುತ್ತಾರೆ: "ಪ್ಲಾನಿಂಗ್ ಅಂದ್ರೆ ಮನೆ ಪ್ಲಾನ್ ಹಾಕೋದಾ ಅಕ್ಕ?" ಅಲ್ಲ. ಮನೆ ಎಲ್ಲಿ ಬರಬೇಕು, ಅಂಗಡಿ ಎಲ್ಲಿ, ಕಾರ್ಖಾನೆ ಎಲ್ಲಿ, ಶಾಲೆಗೆ ಎಷ್ಟು ಜಾಗ, ರಸ್ತೆ ಎಷ್ಟು ಅಗಲ, ಪಾರ್ಕ್ ಎಲ್ಲಿ ಅಂತ ಇಡೀ ಊರಿಗೆ ಮುಂದಾಗಿ ಯೋಚಿಸಿ ಬರೆಯುವ ಕೆಲಸ. ನಮ್ಮ ರಾಜ್ಯದಲ್ಲಿ ಇದಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಅದರ ಪ್ರಕಾರ ಮಾಸ್ಟರ್ ಪ್ಲಾನ್ ಆಗುತ್ತೆ, ಹತ್ತು ವರ್ಷಕ್ಕೊಮ್ಮೆಯಾದರೂ ಅದನ್ನ ಪರಿಷ್ಕರಿಸಬೇಕು. ನಕ್ಷೆಯಲ್ಲಿ ವಾಸಕ್ಕೆ ಹಳದಿ ಬಣ್ಣ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆ ಕಚೇರಿಗಳಿಗೆ ಕೆಂಪು, ಪಾರ್ಕಿಗೆ ಹಸಿರು. ಒಂದು ಬಣ್ಣ ಬದಲಾದರೆ ಒಂದು ಎಕರೆಯ ಬೆಲೆ ಬದಲಾಗುತ್ತೆ. ಹಾಗಾಗಿ ಬಣ್ಣದ ವಿಷಯ ಮಾತಾಡೋಕೆ ಕಚೇರಿಗೆ ತುಂಬಾ ಜನ ಬರುತ್ತಿದ್ದರು. ಸೊಪ್ಪಿನ ಅಜ್ಜಿಯಂಥವರು ಒಬ್ಬರೂ ಬರಲಿಲ್ಲ.

ನಾನು ಬೆಳೆದದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಅಪ್ಪ ಟೈಲರ್. ಬಳ್ಳಾರಿ ಜೀನ್ಸ್ ಅಂತ ಈಗ ಹೆಸರಾಗಿದೆಯಲ್ಲ, ಅದರ ಬೇರು ಇಲ್ಲೇ ಇದೆ. ಕಂಟೋನ್ಮೆಂಟಿನ ಸೈನಿಕರಿಗೆ ಯೂನಿಫಾರ್ಮ್ ಹೊಲಿಯುತ್ತಿದ್ದ ದರ್ಜಿಗಳ ಕಸುಬೇ ಮುಂದೆ ಪ್ಯಾಂಟು, ಜೀನ್ಸು ಅಂತ ಬೆಳೆಯಿತು ಅಂತ ಹಿರಿಯರು ಹೇಳುತ್ತಿದ್ದರು. ಅಪ್ಪ ಹೊಲಿದು ತಂದ ಗಂಟನ್ನು ಅಮ್ಮ ಬಾಗಿಲ ಮುಂದೆ ಬಿಚ್ಚಿ, ಒಂದೊಂದೇ ಪ್ಯಾಂಟಿನ ದಾರ ಕತ್ತರಿಸುತ್ತಿದ್ದರು. ಸಂಜೆ ಹೊತ್ತಿಗೆ ಬಾಗಿಲ ಮುಂದೆ ನೀಲಿ ದಾರದ ಸಣ್ಣ ರಾಶಿ. ಅದನ್ನ ಗುಡಿಸೋದು ನನ್ನ ಪಾಲಿನ ಕೆಲಸ.

ನಮ್ಮ ಬೀದಿಯಲ್ಲಿ ಮರ ಇರಲಿಲ್ಲ. ಆದರೆ ಸ್ವಲ್ಪ ದೂರ ನಡೆದು ಕಂಟೋನ್ಮೆಂಟ್ ಕಡೆ ಹೋದರೆ ದೊಡ್ಡ ದೊಡ್ಡ ಹುಣಸೆ, ಬೇವು. ಶಾಲೆಯಿಂದ ಬರುವಾಗ ನಾವು ಮಕ್ಕಳು ಬೇಕಂತಲೇ ಆ ದಾರಿ ಹಿಡಿಯುತ್ತಿದ್ದೆವು. ಎರಡು ಮರದ ನಡುವಿನ ಬಿಸಿಲನ್ನ ಓಡಿ ದಾಟೋದು, ಮುಂದಿನ ನೆರಳಲ್ಲಿ ನಿಂತು ಉಸಿರು ಬಿಡೋದು. ಅದು ಆಟ ಅಂದುಕೊಂಡಿದ್ದೆವು. 1800ರಲ್ಲಿ ನಿಜಾಮನಿಂದ ಬಳ್ಳಾರಿ ಬ್ರಿಟಿಷರ ಕೈಗೆ ಬಂತು. ಸೈನ್ಯ ಬಂತು, ಬಂಗಲೆ ಬಂದವು, ಅಗಲವಾದ ರಸ್ತೆ ಬಂದವು, ಅವುಗಳ ಪಕ್ಕ ಸಾಲುಮರ ಬಂದವು. ಆ ಬಂಗಲೆಗಳಿಗೆ ನೀರು ಹೊರುವವರು, ಬಟ್ಟೆ ಒಗೆಯುವವರು, ಹೊಲಿಯುವವರು ಪಕ್ಕದ ಬಜಾರಿನಲ್ಲಿ ಒತ್ತೊತ್ತಾಗಿ ಉಳಿದರು. ಇದೆಲ್ಲ ನನಗೆ ಗೊತ್ತಾಗಿದ್ದು ಮುಂದೆ ಓದುವಾಗ. ಮಕ್ಕಳಾಗಿ ನಾವು ಓಡಿ ಓಡಿ ಸೇರುತ್ತಿದ್ದ ಆ ನೆರಳು ನಮಗಾಗಿ ನೆಟ್ಟಿದ್ದಲ್ಲ ಅಂತ ಅವತ್ತು ಮನಸ್ಸಿಗೆ ಬಂದು ಬೇಜಾರಾಗಿತ್ತು.

ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಅಲ್ಲಿ ಓದುವಾಗ ನನಗೆ ತುಂಬಾ ಹಿಡಿಸಿದವರು ಹಳೇ ಕಾಲದ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡಿಸ್. ಸ್ಕಾಟ್ಲೆಂಡಿನವರು, ಮೂಲತಃ ಜೀವಶಾಸ್ತ್ರ ಓದಿದವರು. 1914ರಲ್ಲಿ ಭಾರತಕ್ಕೆ ಬಂದು ಊರೂರಿನ ಬೀದಿಗಳನ್ನ ಕಾಲ್ನಡಿಗೆಯಲ್ಲಿ ಸುತ್ತಿದರು. 1915ರ ಹೊತ್ತಿಗೆ ಮದ್ರಾಸ್ ಪ್ರಾಂತ್ಯದ ಊರುಗಳ ಬಗ್ಗೆ ವರದಿ ಕೊಟ್ಟರು. ಆಗ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಆ ಕಾಲದ ಎಂಜಿನಿಯರುಗಳಿಗೆ ಇಕ್ಕಟ್ಟಾದ ಕೇರಿ ಕಂಡರೆ ಒಂದೇ ಮದ್ದು: ನಡುವೆ ನೆಟ್ಟಗೆ ಒಂದು ಅಗಲ ರಸ್ತೆ ಕೊರೆಯೋದು. ಮನೆ ಹೋದರೆ ಹೋಗಲಿ. ತಂಜಾವೂರಿನಲ್ಲಿ ಗೆಡ್ಡಿಸ್ ಬೇರೆ ದಾರಿ ತೋರಿಸಿದರು. ಒಂದು ಬಿದ್ದ ಮನೆ ತೆಗೆದು ಅಲ್ಲಿ ಬಯಲು ಬಿಡಿ, ಒಂದು ಬಾವಿ ಶುಚಿ ಮಾಡಿ, ಒಂದು ಮರ ನೆಡಿ, ಗಲ್ಲಿಯನ್ನ ಬೇಕಾದಲ್ಲಿ ಮಾತ್ರ ಸ್ವಲ್ಪ ಬಿಡಿಸಿ. ಹೀಗೆ ಮಾಡಿದರೆ ಖರ್ಚೂ ಕಡಿಮೆ, ಮನೆ ಕಳೆದುಕೊಳ್ಳುವವರೂ ಕಡಿಮೆ. ರೋಗ ಏನು ಅಂತ ನೋಡದೆ ಚಾಕು ಎತ್ತಬೇಡಿ ಅನ್ನೋದು ಅವರ ಮಾತಿನ ಸಾರ. ನೂರು ವರ್ಷದ ಹಿಂದಿನ ಮಾತು. ನಮ್ಮ ಊರುಗಳಲ್ಲಿ ಇನ್ನೂ ಹೊಸದಾಗಿಯೇ ಇದೆ.

ಮೈಸೂರಿನಿಂದ ವಾಪಸ್ ಬಂದು ಹಳೇ ಪೇಟೆಯ ಗಲ್ಲಿಗಳನ್ನ ಮತ್ತೆ ನೋಡಿದೆ. ಹತ್ತು ಅಡಿ ಅಗಲದ ಗಲ್ಲಿ, ಎರಡೂ ಕಡೆ ಮಾಳಿಗೆ ಮನೆ. ಬೆಳಿಗ್ಗೆ ಈ ಗೋಡೆಯ ನೆರಳು ಆ ಗೋಡೆಗೆ, ಸಂಜೆ ಆ ಗೋಡೆಯದ್ದು ಇದಕ್ಕೆ. ಇಕ್ಕಟ್ಟು ಅಂತ ನಾವು ಬೈಯುವ ಗಲ್ಲಿ ತನ್ನನ್ನ ತಾನೇ ತಂಪಾಗಿಟ್ಟುಕೊಳ್ಳುತ್ತೆ. ಅದನ್ನ ಮೂವತ್ತು ಅಡಿ ಮಾಡಿದರೆ ಲಾರಿ ಬರುತ್ತೆ, ಬಿಸಿಲೂ ಬರುತ್ತೆ. ಬೆಂಕಿ ನಂದಿಸುವ ಗಾಡಿ, ಆಂಬುಲೆನ್ಸ್ ಒಳಗೆ ಬರಬೇಕು ಅನ್ನೋದು ನಿಜ, ಅದನ್ನ ನಾನು ತಳ್ಳಿಹಾಕಲ್ಲ. ಆದರೆ ಪ್ರತಿ ಗಲ್ಲಿಗೂ ಅದೇ ಅಗಲ ಯಾಕೆ? ಬಳ್ಳಾರಿ ಇರೋದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆ, ಮೇ ಶುರುವಿನ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ನೆರಳು ಕಾಲಡಿ ಅಡಗಿಬಿಡುತ್ತೆ. ಆ ಹೊತ್ತಿನಲ್ಲಿ ಯಾವ ಗೋಡೆಯೂ ಯಾರಿಗೂ ನೆರಳು ಕೊಡಲ್ಲ. ತಲೆ ಮೇಲೆ ಸೂರು ಇರಬೇಕು ಇಲ್ಲವೇ ಮರ ಇರಬೇಕು. ಬಿಸಿಲು 42 ಡಿಗ್ರಿ ದಾಟುವುದೂ ಅದೇ ದಿನಗಳಲ್ಲಿ. ಹಾಗಿದ್ದ ಮೇಲೆ ನಮ್ಮ ಊರಿನಲ್ಲಿ ಮರ ಅನ್ನೋದು ಅಂದಚಂದದ ವಿಷಯ ಹೇಗಾಗುತ್ತೆ? ಅದು ಚರಂಡಿಯ ಹಾಗೆ, ನೀರಿನ ಪೈಪಿನ ಹಾಗೆ. ಇಲ್ಲದಿದ್ದರೆ ಜನ ಕಾಯಿಲೆ ಬೀಳುತ್ತಾರೆ.

ಕೋಟೆಯ ಕಥೆ ಬಳ್ಳಾರಿಯವರಿಗೆಲ್ಲ ಗೊತ್ತು. ಹೈದರ್ ಅಲಿ ಫ್ರೆಂಚ್ ಎಂಜಿನಿಯರ್ ಕೈಲಿ ಕೋಟೆ ಕಟ್ಟಿಸಿದ. ಎಲ್ಲಾ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಇದೆ, ಅಲ್ಲಿಂದ ಫಿರಂಗಿ ಹಾರಿಸಿದರೆ ಕೋಟೆ ಉಳಿಯಲ್ಲ ಅಂತ ಗೊತ್ತಾಯಿತಂತೆ. ಆ ಎಂಜಿನಿಯರನ್ನ ಗಲ್ಲಿಗೇರಿಸಿದರು ಅಂತ ಜನ ಹೇಳುತ್ತಾರೆ. ಅವನ ಗೋರಿ ಅಂತ ಒಂದನ್ನ ತೋರಿಸುತ್ತಾರೆ ಕೂಡ. ನಿಜವೋ ಸುಳ್ಳೋ, ಕೆಲಸದಲ್ಲಿದ್ದ ದಿನಗಳಲ್ಲಿ ಕುಂಬಾರ ಗುಡ್ಡ ಕಂಡಾಗಲೆಲ್ಲ ಎದೆಯಲ್ಲಿ ಸಣ್ಣ ಅಳುಕು. ಅವನು ತನ್ನ ಗುಡ್ಡವನ್ನ ಚೆನ್ನಾಗಿಯೇ ಅಳೆದಿದ್ದ. ಎದುರಿನ ಗುಡ್ಡ ಹತ್ತಿ ನೋಡಿರಲಿಲ್ಲ.

ನಾನು ಹತ್ತಿ ನೋಡದೇ ಹೋದ ಒಂದು ಸಂಗತಿ ಹೇಳಲೇಬೇಕು. ಯಾವ ಬಡಾವಣೆ ಅಂತ ಬರೆಯಲ್ಲ, ಅಲ್ಲಿಯ ಜನ ಈಗಲೂ ಇದ್ದಾರೆ. ಚರಂಡಿ ಪಕ್ಕದ ಒಂದು ಕೊಳಗೇರಿ. ಪ್ರತಿ ಮಳೆಗಾಲದಲ್ಲಿ ಮನೆಯೊಳಗೆ ನೀರು. ಊರ ಹೊರಗೆ ಆರು ಕಿಲೋಮೀಟರ್ ಆಚೆ ಒಳ್ಳೆ ಜಾಗ ಸಿಕ್ಕಿತು. ಪಕ್ಕಾ ಮನೆ, ಶೌಚಾಲಯ, ಮೂವತ್ತು ಅಡಿ ರಸ್ತೆ, ನಲ್ಲಿ. ನಕ್ಷೆ ನಾನೇ ಬರೆದೆ. ಮನಸ್ಸಿಟ್ಟು ಬರೆದೆ. ಹಕ್ಕುಪತ್ರ ಕೊಟ್ಟ ದಿನ ಹೆಂಗಸರು ನನ್ನ ಕೈ ಹಿಡಿದುಕೊಂಡು ಅತ್ತರು.

ಏಳೆಂಟು ತಿಂಗಳ ಮೇಲೆ ಹೋದೆ. ಮೂರನೇ ಸಾಲಿನಲ್ಲಿ ಒಂದರ ಪಕ್ಕ ಒಂದು ಬೀಗ ಹಾಕಿದ ಮನೆಗಳು. ಒಂದು ಮನೆಯ ಕಿಟಕಿಯಲ್ಲಿ ಉದ್ಘಾಟನೆಯ ದಿನದ ಮಾವಿನ ತೋರಣ ಒಣಗಿ ಹಾಗೇ ನೇತಾಡುತ್ತಿತ್ತು. ಪಕ್ಕದ ಮನೆಯಲ್ಲಿ ಇದ್ದವರು ಹೇಳಿದರು: "ಎಲ್ಲಾ ವಾಪಸ್ ಹೋದ್ರು ಮೇಡಂ. ಅಲ್ಲೇ ಬಾಡಿಗೆ ಹಿಡಿದಾರೆ. ಇಲ್ಲಿಗೆ ಗಂಟು ಬರಾಂಗಿಲ್ಲಲ್ರಿ."

ಗಂಟು. ಜೀನ್ಸಿನ ಗಂಟು. ಹೊಲಿಗೆ ಯೂನಿಟ್‌ನಿಂದ ಹುಡುಗ ಸೈಕಲ್ ಮೇಲೆ ತಂದು ಮನೆ ಬಾಗಿಲಿಗೆ ಹಾಕಿ ಹೋಗುವ ಗಂಟು. ದಾರ ಕತ್ತರಿಸಿ, ಗುಂಡಿ ಹಚ್ಚಿ, ಸಂಜೆಗೆ ಲೆಕ್ಕ ಕೊಟ್ಟರೆ ಪೀಸಿಗೆ ಇಷ್ಟು ಅಂತ ದುಡ್ಡು. ಆರು ಕಿಲೋಮೀಟರ್ ದೂರಕ್ಕೆ ಯಾವ ಹುಡುಗನೂ ಸೈಕಲ್ ತುಳಿಯಲ್ಲ. ನಾನು ಅವರಿಗೆ ಮನೆ ಕೊಟ್ಟು ಬಾಗಿಲು ಕಿತ್ತುಕೊಂಡಿದ್ದೆ. ನನ್ನಮ್ಮ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ್ದರು. ಆ ದಾರದ ರಾಶಿ ನಾನೇ ಗುಡಿಸಿದ್ದೆ. ಆದರೂ ನಕ್ಷೆ ಬರೆಯುವಾಗ ನೆನಪಾಗಲಿಲ್ಲ. ಯಾಕಂದರೆ ನಕ್ಷೆಯಲ್ಲಿ ಮನೆ ಅಂದರೆ ಹಳದಿ, ದುಡಿಮೆ ಅಂದರೆ ನೇರಳೆ. ಒಂದೇ ಹೊಸ್ತಿಲ ಮೇಲೆ ಎರಡೂ ಕೂತಿರೋದಕ್ಕೆ ಬಣ್ಣವೇ ಇರಲಿಲ್ಲ. ಆ ದಿನ ಜೀಪಿನಲ್ಲಿ ವಾಪಸ್ ಬರುವಾಗ ಡ್ರೈವರ್ ಏನೋ ಕೇಳಿದರು. ಉತ್ತರ ಕೊಡೋಕೆ ಆಗಲಿಲ್ಲ.

ಅದಾದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಯಾವ ಜಾಗದ ನಕ್ಷೆ ಬರೆಯಬೇಕೋ ಅಲ್ಲಿಗೆ ಬೆಳಿಗ್ಗೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಒಂದಕ್ಕೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ ಹೋಗೋದು. ಕೈಯಲ್ಲಿ ಒಂದು ನೋಟ್‌ಬುಕ್, ಅಷ್ಟೇ. ಯಾರು ಎಲ್ಲಿ ಕೂತಿದ್ದಾರೆ, ಯಾರು ಏನಕ್ಕೆ ಕಾಯ್ತಿದ್ದಾರೆ ಅಂತ ಬರೆದುಕೊಳ್ಳೋದು. ಹೀಗೆ ಬರೆಯುತ್ತಾ ಹೋದ ಮೇಲೆ ಒಂದು ವಿಷಯ ಎದ್ದು ಕಂಡಿತು. ಬಡವರ ದಿನದಲ್ಲಿ ಕಾಯೋದೇ ಜಾಸ್ತಿ. ಬಸ್ಸಿಗೆ, ರೇಷನ್ನಿಗೆ, ಆಸ್ಪತ್ರೆಯ ಚೀಟಿಗೆ, ಕೂಲಿಗೆ ಕರೆಯುವ ಮೇಸ್ತ್ರಿಗೆ, ಸುಧಾ ಕ್ರಾಸ್ ರೈಲ್ವೆ ಗೇಟ್ ತೆರೆಯೋದಕ್ಕೆ, ನೀರಿಗೆ. ಕಾಯೋದೆಲ್ಲ ಬಿಸಿಲಲ್ಲೇ.

ನೀರಿನ ಮಾತು ಸ್ವಲ್ಪ ಹೇಳುತ್ತೇನೆ. ಬಳ್ಳಾರಿಗೆ ಕುಡಿಯುವ ನೀರು ತುಂಗಭದ್ರೆಯದು. ಕಾಲುವೆಯಲ್ಲಿ ಬಂದ ನೀರನ್ನ ಅಲ್ಲಿಪುರ ಕೆರೆಯಂಥ ಕಡೆ ತುಂಬಿಸಿಟ್ಟುಕೊಂಡು, ಕಾಲುವೆ ನಿಂತ ಬೇಸಿಗೆ ತಿಂಗಳುಗಳನ್ನ ದಾಟಬೇಕು. ಅಣೆಕಟ್ಟು ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ನೀರು ಹರಿದುಹೋಗುವಾಗ ಈ ಭಾಗದ ಪ್ರತಿ ಮನೆಯಲ್ಲೂ ಯಾಕೆ ನಿದ್ದೆ ಬರಲಿಲ್ಲ ಅಂತ ಹೊರಗಿನವರಿಗೆ ಅರ್ಥ ಆಗೋದು ಕಷ್ಟ. ನಮ್ಮ ಲೆಕ್ಕದ ಪುಸ್ತಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತಿದೆ. ನಮ್ಮ ಬೀದಿಗೆ ಎಷ್ಟೋ ವರ್ಷ ಎಂಟು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಸಂಪ್ ಇದ್ದವರು ಮೋಟರ್ ಹಾಕಿ ಎಳೆದುಕೊಂಡು ಕಚೇರಿಗೆ ಹೋಗುತ್ತಿದ್ದರು. ಸಂಪ್ ಇಲ್ಲದವರು ಅವತ್ತಿನ ಕೂಲಿ ಬಿಟ್ಟು ಕೊಡ ಇಟ್ಟು ಕೂರಬೇಕು. ತಿಂಗಳಿಗೆ ನಾಲ್ಕು ದಿನದ ಕೂಲಿ ನೀರಿಗೇ ಹೋಯಿತಲ್ವಾ? ಅದು ಯಾವ ವರದಿಯಲ್ಲೂ ಬಂದದ್ದು ನಾನು ನೋಡಿಲ್ಲ.

ಗಣಿಯ ಕಾಲ ಬಂತು. 2003–04ರಿಂದ ಊರೇ ಬೇರೆ ಆಯಿತು. ಅದಿರಿಗೆ ಚೀನಾದಿಂದ ಬೇಡಿಕೆ, ಹಗಲೂ ರಾತ್ರಿ ಲಾರಿ, ಮರದ ಎಲೆಗಳ ಮೇಲೆ ಕೆಂಪು ಧೂಳು. ಕಾಲುವೆ ನೀರುಣ್ಣುತ್ತಿದ್ದ ಕಪ್ಪು ನೆಲದಲ್ಲಿ ಲೇಔಟ್ ಕಲ್ಲುಗಳು ಎದ್ದವು. ಪಾರ್ಕಿಗೆ ಅಂತ ಬಿಟ್ಟ ಜಾಗ ಅನ್ನೋದು ನಕ್ಷೆಯ ಮೂಲೆಯಲ್ಲಿ, ಹೈಟೆನ್ಶನ್ ವೈರಿನ ಕೆಳಗೆ, ಹಳ್ಳದ ಅಂಚಿನಲ್ಲಿ, ಯಾರಿಗೂ ಬೇಡವಾದ ಕಡೆ. ಒಪ್ಪಿಗೆ ಕೊಡಬೇಡಿ ಅಂತ ಎಷ್ಟೋ ಸಲ ಬರೆದೆ. ಕೆಲವು ಸಲ ಉಳಿಯಿತು, ಬಹಳ ಸಲ ಉಳಿಯಲಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಸೈಟುಗಳ ವ್ಯಾಪಾರವೂ ನಿಂತಿತು. ಆಮೇಲೆ ಆ ಲೇಔಟುಗಳಲ್ಲಿ ಬೆಳೆದದ್ದು ಜಾಲಿ. ಇಡೀ ಕರ್ನಾಟಕ ಅದನ್ನ ಬಳ್ಳಾರಿ ಜಾಲಿ ಅಂತಲೇ ಕರೆಯುತ್ತೆ. ಅಮೆರಿಕ ಖಂಡದಿಂದ ಬಂದ ಗಿಡಕ್ಕೆ ನಮ್ಮೂರಿನ ಹೆಸರು. ಮುಳ್ಳು ಜಾಸ್ತಿ, ನೆರಳು ಕಡಿಮೆ. ಆದರೂ ಅದರಡಿ ಕುರಿ ಕಾಯುವವರು ಕೂತಿದ್ದನ್ನ ನೋಡಿದ್ದೇನೆ. ಅದೇ ಸೌದೆ, ಅದೇ ಇದ್ದಿಲು. ಯಾರೂ ಯೋಜನೆ ಹಾಕದೇ ಬಡವರಿಗೆ ದಕ್ಕಿದ ಹಸಿರು ಅದು.

ಹಸಿರು ಅಂದಾಗ ಇನ್ನೊಂದು ನೆನಪಾಗುತ್ತೆ. ನನ್ನ ಇಡೀ ಕೆಲಸದಲ್ಲಿ ಅದಕ್ಕಿಂತ ಕಷ್ಟದ ದಿನ ಬಂದಿಲ್ಲ. ಮಾಸ್ಟರ್ ಪ್ಲಾನ್ ಪರಿಷ್ಕರಣೆ ನಡೆಯುತ್ತಿತ್ತು. ಕರಡು ಪ್ರಕಟ ಮಾಡಿ ಜನರಿಂದ ಆಕ್ಷೇಪಣೆ, ಸಲಹೆ ಕೇಳಬೇಕು ಅಂತ ಕಾಯ್ದೆ ಹೇಳುತ್ತೆ. ಪೇಪರಿನಲ್ಲಿ ಜಾಹೀರಾತು ಕೊಟ್ಟು, ಕಚೇರಿ ಗೋಡೆಗೆ ನಕ್ಷೆ ಅಂಟಿಸಿದರೆ ಮುಗಿಯಿತು. ಬರುವ ಆಕ್ಷೇಪಣೆಗಳೆಲ್ಲ ಭೂಮಿ ಇದ್ದವರದ್ದೇ. ನನ್ನ ಹೊಲ ಹಳದಿ ಮಾಡಿ, ನನ್ನ ಪ್ಲಾಟು ನೀಲಿ ಮಾಡಿ. ಬಾಡಿಗೆಗೆ ಇರುವವರು, ಗುಡಿಸಲಲ್ಲಿ ಇರುವವರು ಬರೋದೇ ಇಲ್ಲ. ನಾನೊಂದು ನಕ್ಷೆಯನ್ನ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಭಾನುವಾರ ಒಂದು ಕೇರಿಯ ದುರ್ಗಮ್ಮನ ಗುಡಿ ಕಟ್ಟೆ ಮೇಲೆ ಹಾಸಿದೆ. ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೆ ಕಲ್ಲು.

ಮೊದಲು ಯಾರಿಗೂ ಏನೂ ಅರ್ಥ ಆಗಲಿಲ್ಲ. ಇದು ಕೋಟೆ ಗುಡ್ಡ, ಇದು ಸ್ಟೇಷನ್, ಇದು ಸಿರುಗುಪ್ಪ ರೋಡ್ ಅಂತ ಬೆರಳಿಟ್ಟು ತೋರಿಸಿದೆ. ಆಮೇಲೆ ಒಬ್ಬೊಬ್ಬರೇ ಹತ್ತಿರ ಬಂದರು. ಇಲ್ಲಿ ನಮ್ಮ ಶಾಲೆ, ಇಲ್ಲಿ ಮಸೀದಿ, ಇಲ್ಲಿ ನಲ್ಲಿ. ಹುಡುಗರು ಅಂತೂ ಕುಣಿದಾಡಿದರು. ಅಷ್ಟರಲ್ಲಿ ಕಂಕುಳಲ್ಲಿ ಮಗು ಇದ್ದ ಒಬ್ಬಾಕೆ ಕೇಳಿದಳು, "ನಮ್ಮನಿ ಎಲ್ಲೈತ್ರಿ ಮೇಡಂ?"

ಹುಡುಕಿದೆ. ಗುಡಿಯಿಂದ ಎರಡನೇ ತಿರುವು, ಬೋರ್‌ವೆಲ್ ದಾಟಿ ಎಡಕ್ಕೆ. ಬೆರಳು ಹೋಗಿ ನಿಂತದ್ದು ಹಸಿರು ಬಣ್ಣದ ಮೇಲೆ. ಪಾರ್ಕ್ ಮತ್ತು ಬಯಲು ಜಾಗ. ಆ ಹಸಿರಿಗಾಗಿ ಸಭೆಯಲ್ಲಿ ಜಗಳ ಆಡಿದ್ದವಳು ನಾನೇ. ಈ ವಾರ್ಡಿನಲ್ಲಿ ಒಂದೂ ಪಾರ್ಕ್ ಇಲ್ಲ, ಇಲ್ಲಿ ಸರ್ಕಾರಿ ಜಾಗ ಇದೆ, ಬಿಡಬಾರದು ಅಂತ. ಉಪಗ್ರಹದ ಚಿತ್ರದಲ್ಲಿ ತಗಡಿನ ಸೂರುಗಳು ಕಂಡಿದ್ದವು. ಶೆಡ್ ಅಂದುಕೊಂಡಿದ್ದೆವು.

"ಹಸರೈತಲ್ರಿ. ಹಸರು ಅಂದ್ರೆ ಚಲೋನಾ?" ಅಂತ ಆಕೆ ಕೇಳಿದಳು.

ಕಟ್ಟೆ ಮೇಲೆ ಇದ್ದವರೆಲ್ಲ ನನ್ನ ಮುಖ ನೋಡುತ್ತಿದ್ದರು. ಇದ್ದದ್ದನ್ನ ಇದ್ದ ಹಾಗೆ ಹೇಳಿದೆ. ಹಸಿರು ಅಂದರೆ ಪಾರ್ಕ್, ಪಾರ್ಕ್ ಅಂದರೆ ಅಲ್ಲಿ ಮನೆ ಇರೋ ಹಾಗಿಲ್ಲ. ಗಲಾಟೆ ಆಯಿತು. ಆಗಬೇಕಾದ್ದೇ. ಒಬ್ಬ ಹಿರಿಯರು ಎಲ್ಲರನ್ನೂ ಸುಮ್ಮನಾಗಿಸಿ, "ಈಯಮ್ಮ ಇಲ್ಲಿಗೆ ಬಂದಿದ್ದಕ್ಕೆ ಗೊತ್ತಾತು. ಬರದಿದ್ರೆ ಬುಲ್ಡೋಜರ್ ಬಂದಾಗ ಗೊತ್ತಾಗ್ತಿತ್ತು" ಅಂದರು.

ಸುಸ್ಥಿರ, ಸಮಾನ ಅಂತ ಎರಡು ಮಾತು ನಮ್ಮ ಫೈಲುಗಳಲ್ಲಿ ಯಾವಾಗಲೂ ಜೋಡಿಯಾಗಿ ಬರುತ್ತವೆ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಗುರಿಗಳಲ್ಲಿ 11ನೆಯದು ನಗರಗಳದ್ದೇ, ಅಲ್ಲೂ ಸುಸ್ಥಿರ ಅನ್ನೋದರ ಜೊತೆಗೇ ಎಲ್ಲರನ್ನೂ ಒಳಗೊಳ್ಳುವ ಅನ್ನೋ ಮಾತಿದೆ. ನಾನು ಈ ಎರಡನ್ನೂ ನಂಬಿದವಳು, ಈಗಲೂ ನಂಬುತ್ತೇನೆ. ಆದರೆ ನೆಲದ ಮೇಲೆ ಅವು ಒಂದೇ ಜಾಗಕ್ಕಾಗಿ ಜಗಳಕ್ಕೆ ಬೀಳುತ್ತವೆ. ಊರಿಗೆ ಪಾರ್ಕ್ ಬೇಕು, ಆಕೆಗೆ ಮನೆ ಬೇಕು. ಬಿಟ್ಟುಕೊಡು ಅಂತ ನಾವು ಮೊದಲು ಕೇಳೋದು ಆಕೆಯನ್ನೇ, ಯಾಕಂದರೆ ಆಕೆಯ ಹತ್ತಿರ ಕಾಗದ ಇಲ್ಲ. ನಾನು ಕರಡನ್ನ ಬದಲಿಸೋಕೆ ಬರೆದೆ. ಒಂದೂವರೆ ವರ್ಷ ಹಿಡಿಯಿತು. ಮನೆಗಳ ಜಾಗ ಹಳದಿ ಆಯಿತು. ಪಾರ್ಕ್ ಅರ್ಧಕ್ಕೆ ಇಳಿಯಿತು, ಆ ವಾರ್ಡಿಗೆ ಬೇಕಾದಷ್ಟು ಬಯಲು ಇವತ್ತಿಗೂ ಇಲ್ಲ. ಉಳಿದ ನೆರಳನ್ನ ರಸ್ತೆ ಬದಿಯಲ್ಲಿ, ಶಾಲೆಯ ಗೋಡೆ ಪಕ್ಕ, ಬಸ್ ನಿಲ್ಲುವ ಕಡೆ ಚೂರು ಚೂರಾಗಿ ಹುಡುಕಿದೆವು. ಒಂದು ಕಡೆ ಸಿಗದ ನೆರಳನ್ನ ನೂರು ಕಡೆ ಹಂಚಿ ನೆಡಬಹುದು ಅಂತ ಕಲಿತದ್ದು ಆಗಲೇ.

ಬೀದಿ ವ್ಯಾಪಾರಿಗಳ ಕಾಯ್ದೆ 2014ರಲ್ಲಿ ಬಂತು. ನನಗೆ ಅದು ಆ ಅಜ್ಜಿಗೆ ಹದಿನೆಂಟು ವರ್ಷ ತಡವಾಗಿ ಸಿಕ್ಕ ಉತ್ತರದ ಹಾಗೆ ಕಂಡಿತು. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಒಂದು ಊರಿನ ಸಮೀಕ್ಷೆಯ ಫಾರಂ ತಯಾರು ಮಾಡುವಾಗ ನಾನೊಂದು ಕಾಲಂ ಸೇರಿಸಿದೆ: ನೆರಳು, ಬೆಳಿಗ್ಗೆ ಇದೆಯೇ, ಮಧ್ಯಾಹ್ನ ಇದೆಯೇ, ಎಲ್ಲಿಂದ. ಹಿರಿಯ ಅಧಿಕಾರಿಯೊಬ್ಬರು "ಇದು ಯಾವ ನಿಯಮದಲ್ಲಿದೆ ಮೇಡಂ?" ಅಂದರು. ನಿಯಮದಲ್ಲಿ ಇರಲಿಲ್ಲ. ಕಾಲಂ ತೆಗೆಸಿದರು. ನಾನು ನನ್ನ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ವ್ಯಾಪಾರದ ವಲಯ ಗುರುತಿಸುವ ದಿನ ಊರಾಚೆಯ ಬಟಾಬಯಲು ತೋರಿಸಿದಾಗ ಆ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟೆ. ಸಮಿತಿಯಲ್ಲಿದ್ದ ಹೂವು ಮಾರುವ ಅಕ್ಕ ಒಬ್ಬರು ಎದ್ದು ನಿಂತು, "ಮಲ್ಲಿಗಿ ಅಲ್ಲಿ ಒಂದು ತಾಸು ಉಳಿಯಂಗಿಲ್ಲ ಸಾರ್" ಅಂದರು. ನನ್ನ ಎರಡು ಪುಟಕ್ಕಿಂತ ಆ ಒಂದು ಮಾತು ಕೆಲಸ ಮಾಡಿತು. ಬೇವಿನ ಮರಗಳಿದ್ದ ಹಳೇ ರಸ್ತೆಯಲ್ಲೇ ಅವರಿಗೆ ಜಾಗ ಉಳಿಯಿತು.

ನಿವೃತ್ತಿ ಆದ ಮೇಲೆ ನಮ್ಮ ಬೀದಿಯವರೇ ಸೇರಿ ಒಂದು ಕೆಲಸ ಶುರು ಮಾಡಿದ್ದೇವೆ. ಹೈಸ್ಕೂಲಿನ ಹುಡುಗಿಯರು ನನ್ನ ಜೊತೆ ಮಧ್ಯಾಹ್ನ ಹನ್ನೆರಡಕ್ಕೂ ಮೂರಕ್ಕೂ ನಡೆದು, ನೆರಳು ಎಲ್ಲೆಲ್ಲಿ ಬೀಳುತ್ತೆ ಅಂತ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದರು. ಆಮೇಲೆ ಅದನ್ನ ಹಾಳೆಗೆ ಇಳಿಸಿದರು. ನನ್ನ ಮೊದಲ ಏಪ್ರಿಲ್‌ನಲ್ಲಿ ನನ್ನ ಕೈಯಲ್ಲಿ ಇರಬೇಕಿದ್ದ ನಕ್ಷೆ ಅದು. ಅದನ್ನ ನೋಡಿ ಹದಿನಾಲ್ಕು ಗಿಡಕ್ಕೆ ಜಾಗ ಗುರುತಿಸಿದೆವು. ಬೇಗ ಬೆಳೆಯುತ್ತೆ ಅಂತ ಕೊಡುವ ಸಸಿಗಳನ್ನ ಬೇಡ ಅಂದೆವು. ಹೊಂಗೆ ಮತ್ತು ಬೇವು. ಎರಡೂ ಯುಗಾದಿ ಹೊತ್ತಿಗೆ ಚಿಗುರುತ್ತವೆ, ಬಿಸಿಲು ಏರುವ ಹೊತ್ತಿಗೆ ಎಲೆ ತುಂಬಿಕೊಂಡಿರುತ್ತವೆ. ಕರೆಂಟ್ ವೈರಿನ ಸಾಲು ಬಿಟ್ಟು ಎದುರು ಸಾಲಿಗೆ ಗುಂಡಿ ತೋಡಿದೆವು, ಇಲ್ಲದಿದ್ದರೆ ಲೈನ್‌ಮನ್ ಪ್ರತಿ ವರ್ಷ ರೆಂಬೆ ಕಡಿಯಬೇಕಾಗುತ್ತೆ.

ನೆಡೋದು ಒಂದು ದಿನದ ಕೆಲಸ. ಮೊದಲ ಎರಡು ಬೇಸಿಗೆ ನೀರು ಹಾಕೋರು ಯಾರು ಅನ್ನೋದಕ್ಕೆ ಮೂರು ಸಂಜೆ ಮಾತುಕತೆ ಆಯಿತು. ನಮಗೇ ನೀರಿಲ್ಲ, ಗಿಡಕ್ಕೆಲ್ಲಿಂದ ಅಂತ ಕೆಲವರು ಅಂದರು. ಅದೂ ನ್ಯಾಯವಾದ ಮಾತೇ. ಕೊನೆಗೆ ಮೂಲೆ ಮನೆಯ ಬಾಡಿಗೆಯವರು, ಸ್ವಂತ ಸಂಪ್ ಇಲ್ಲದವರು, ಮೊದಲು ಕೈ ಎತ್ತಿದರು. ಬಟ್ಟೆ ಜಾಲಿಸಿದ ನೀರು ನಮ್ಮದು, ಸೋಮವಾರ ಬರೆದುಕೊಳ್ಳಿ ಅಂದರು. ಆಮೇಲೆ ಒಂದೊಂದೇ ದಿನಕ್ಕೆ ಒಂದೊಂದು ಮನೆ ಬಂತು. ಆ ಪಟ್ಟಿ ಕಿರಾಣಿ ಅಂಗಡಿಯ ಶಟರ್ ಪಕ್ಕ ಅಂಟಿಸಿದೆ. ಅಂಗಡಿಯ ಕಟ್ಟೆ ಎದುರಿನ ಹೊಂಗೆ ನನ್ನ ಪಾಲಿಗೆ ಬಂದಿದೆ. ನನ್ನ ದಿನ ಗುರುವಾರ, ಎರಡು ಕೊಡ. ನಾಳೆ ಗುರುವಾರ. ನಲ್ಲಿ ನೀರು ಬರುವ ಸರದಿಯೂ ನಾಳೆಯೇ, ಹಾಗಾಗಿ ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು.